ಆಟಗಾರನೂ ದುಡಿಮೆಗಾರನೇ

ಕಾಫಿಯ ಕುಯ್ಲು ಮುಗಿದು, ಹೂಮಳೆ ಬಿದ್ದು, ಮುಂಗಾರಿಗೆ ಇನ್ನೂ ಬಿಡುವಿರುವ ದಿನಗಳಲ್ಲಿ ಕೊಡಗಿನ ಮನೆಗಳ ಅಟ್ಟದಿಂದ ಹಾಕಿ ಸ್ಟಿಕ್ಕುಗಳು ಕೆಳಗಿಳಿಯುತ್ತವೆ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ಆರಂಭಿಸಿದಾಗ ಸೇರಿದ ಕುಟುಂಬಗಳು 60. 2018ರ ಭೂಕುಸಿತ, ಆಮೇಲಿನ ಕೊರೊನಾ ಇವುಗಳಿಂದ ಕೆಲವು ವರ್ಷ ನಿಂತುಹೋದ ಹಬ್ಬ 2023ರಲ್ಲಿ ಮತ್ತೆ ಎದ್ದು ನಿಂತಿತು. 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಕುಟುಂಬದವರು ನಡೆಸಿದಾಗ 360 ಕುಟುಂಬಗಳು ಆಡಿದವು. 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಕುಟುಂಬದವರು ನಡೆಸಿದಾಗ ಸಂಖ್ಯೆ 396ಕ್ಕೆ ಏರಿತು. ಅಜ್ಜನೂ ಮೊಮ್ಮಗನೂ ಒಂದೇ ತಂಡದಲ್ಲಿ, ಅಣ್ಣನ ಪಕ್ಕದಲ್ಲಿ ತಂಗಿ. ಇಲ್ಲಿ ಯಾರೂ ಯಾರನ್ನೂ ಹರಾಜಿನಲ್ಲಿ ಕೊಂಡಿಲ್ಲ. ಮೈದಾನದ ಸುತ್ತ ಚಹದಂಗಡಿ, ತಿಂಡಿಯಂಗಡಿ ಇಟ್ಟವರಿಗೂ ನಾಲ್ಕು ಕಾಸು ಕಂಡಿದೆ. ಇದರಲ್ಲಿ ನಮಗೆಲ್ಲ ಹೆಮ್ಮೆಯಿದೆ.

ಆದರೆ ಇಂದು ನಾವು ಎತ್ತಬೇಕೆಂದಿರುವುದು ಹಬ್ಬದ ಮಾತನ್ನಲ್ಲ, ಹಬ್ಬ ಮುಗಿದ ಮರುದಿನದ ಮಾತನ್ನು. ಕಪ್ಪು ಒಂದು ಮನೆಗೆ ಹೋಗುತ್ತದೆ, ಪೆಂಡಾಲು ಬಿಚ್ಚುತ್ತಾರೆ. ಹತ್ತು ಸಾವಿರ ಜನರ ಚಪ್ಪಾಳೆ ಗಿಟ್ಟಿಸಿದ ಇಪ್ಪತ್ತು ವರ್ಷದ ಹುಡುಗ ಮರುದಿನ ಬೆಳಿಗ್ಗೆ ಎದ್ದು ಏನು ಮಾಡಬೇಕು? ಈ ಆಟದಿಂದ ಅವನು ಅನ್ನ ಉಣ್ಣಬಲ್ಲನೇ? ಈ ಪ್ರಶ್ನೆಗೆ ಉತ್ತರ ಕೊಡದೆ ಕೊಡಗನ್ನು ಹಾಕಿಯ ತೊಟ್ಟಿಲೆಂದು ಭಾಷಣ ಮಾಡುವುದರಲ್ಲಿ ಅರ್ಥವಿಲ್ಲ.

ಹಿಂದೆ ಇದಕ್ಕೊಂದು ಉತ್ತರವಿತ್ತು. ಅದು ಖಾಯಂ ನೌಕರಿ. 1973ರ ವಿಶ್ವಕಪ್ಪಿನಲ್ಲಿ ಬೆಳ್ಳಿ ಗೆದ್ದ ತಂಡದ ನಾಯಕ ಎಂ. ಪಿ. ಗಣೇಶ್ ಸೇನೆಯಲ್ಲಿ ಆಡಿ ಬೆಳೆದವರು. 1980ರಲ್ಲಿ ಮಾಸ್ಕೋದಲ್ಲಿ ಒಲಿಂಪಿಕ್ ಚಿನ್ನ ಗೆದ್ದ ತಂಡದಲ್ಲಿದ್ದು, 1988ರಲ್ಲಿ ಸಿಯೋಲ್‌ಗೆ ತಂಡದ ನಾಯಕರಾಗಿ ಹೋದ ಎಂ. ಎಂ. ಸೋಮಯ್ಯನವರಿಗೆ ಭಾರತ್ ಪೆಟ್ರೋಲಿಯಂ ಸಂಸ್ಥೆಯ ಕೆಲಸವಿತ್ತು. ಸೋಮವಾರಪೇಟೆಯ ಅರ್ಜುನ್ ಹಾಲಪ್ಪ ಏರ್ ಇಂಡಿಯಾದ ಪರ ಆಡಿದರು. ಸೇನೆ, ರೈಲ್ವೆ, ವಿಮಾನ ಸಂಸ್ಥೆ, ಎಣ್ಣೆ ಕಂಪೆನಿ, ಬ್ಯಾಂಕು, ಇವು ಆಟಗಾರನಿಗೆ ತಿಂಗಳ ಸಂಬಳ ಕೊಟ್ಟವು. ಮೊಣಕಾಲು ಮುರಿದರೂ ಮನೆಯ ಒಲೆ ಉರಿಯುತ್ತಿತ್ತು. ಮೂವತ್ತೈದಕ್ಕೆ ಆಟ ನಿಂತರೂ ಕುರ್ಚಿ ಉಳಿಯುತ್ತಿತ್ತು, ಕೊನೆಗೆ ಪಿಂಚಣಿಯೂ ಬರುತ್ತಿತ್ತು. ನಮ್ಮ ಹಾಕಿಯ ಚಿನ್ನ ಬೆಳ್ಳಿಗಳ ಹಿಂದೆ ಜನರ ತೆರಿಗೆಯ ಹಣದಿಂದ ಕಟ್ಟಿದ ಈ ಸಂಸ್ಥೆಗಳ ಹಾಜರಿ ಪುಸ್ತಕಗಳಿವೆ.

ಈಗ ಆ ಪುಸ್ತಕಗಳೇ ಒಂದೊಂದಾಗಿ ಮುಚ್ಚುತ್ತಿವೆ. ಏರ್ ಇಂಡಿಯಾ 2022ರ ಜನವರಿಯಲ್ಲಿ ಖಾಸಗಿಯವರ ಕೈಸೇರಿತು. ಭಾರತ್ ಪೆಟ್ರೋಲಿಯಂನಲ್ಲಿ ಸರಕಾರಕ್ಕಿರುವ ಪಾಲನ್ನೆಲ್ಲ ಮಾರುವ ನಿರ್ಧಾರ 2019ರಲ್ಲಿ ಆಯಿತು. 2022ರಲ್ಲಿ ಅದನ್ನು ಹಿಂದಕ್ಕೆ ಪಡೆದರೂ ಕತ್ತಿ ತೂಗಿದ್ದನ್ನು ನೌಕರರು ಮರೆತಿಲ್ಲ. ಕನ್ನಡ ನೆಲದಲ್ಲಿ ಹುಟ್ಟಿದ ಬ್ಯಾಂಕುಗಳನ್ನು ನೋಡಿರಿ: ಮೈಸೂರು ಬ್ಯಾಂಕು 2017ರಲ್ಲಿ, ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬೇರೆ ಬ್ಯಾಂಕುಗಳಲ್ಲಿ ಕರಗಿದವು. ವಿಜಯಾ ಬ್ಯಾಂಕಿನ ಬ್ಯಾಸ್ಕೆಟ್‌ಬಾಲ್ ತಂಡವೆಂದರೆ ಒಂದು ಕಾಲಕ್ಕೆ ಬೆಂಗಳೂರಿನಲ್ಲಿ ದೊಡ್ಡ ಹೆಸರು. ಬ್ಯಾಂಕು ಕರಗಿದಾಗ ನಾಮಫಲಕ ಮಾತ್ರ ಇಳಿಯುವುದಿಲ್ಲ. ಆಟಗಾರನಿಗೆಂದು ಇದ್ದ ಬಾಗಿಲೂ ಒಂದು ಕಡಿಮೆಯಾಗುತ್ತದೆ. ಗಿರಣಿ ಕಾರ್ಮಿಕರಿಗೆ ಇದು ಹೊಸದಲ್ಲ. ಪಂಜಾಬಿನ ಫಗ್ವಾಡದ ಜೆ.ಸಿ.ಟಿ. ಬಟ್ಟೆ ಗಿರಣಿಯ ಕಾಲ್ಚೆಂಡು ತಂಡ 1996-97ರ ಮೊದಲ ರಾಷ್ಟ್ರೀಯ ಲೀಗನ್ನೇ ಗೆದ್ದಿತ್ತು. 2011ರಲ್ಲಿ ಆ ತಂಡವನ್ನು ವಿಸರ್ಜಿಸಿದರು.

ನೌಕರಿಯ ಬದಲಿಗೆ ಬಂದದ್ದು ವೃತ್ತಿಪರ ಲೀಗು. ಲೀಗನ್ನು ನಾವು ವಿರೋಧಿಸುವುದಿಲ್ಲ. ಆಡಿದವನಿಗೆ ಹಣ ಸಿಗಬೇಕು, ಬರಿಯ ಹಾರ ತುರಾಯಿ ಸಾಲದು. ಆದರೆ ಲೀಗುಗಳ ಆಯುಷ್ಯವನ್ನು ಲೆಕ್ಕ ಹಾಕಿರಿ. ಪ್ರೀಮಿಯರ್ ಹಾಕಿ ಲೀಗು 2005ರಲ್ಲಿ ಹೈದರಾಬಾದಿನಲ್ಲಿ ಆರಂಭವಾಯಿತು. ಬೆಂಗಳೂರಿನ ತಂಡ 2006ರಲ್ಲಿಯೂ 2008ರಲ್ಲಿಯೂ ಗೆದ್ದಿತು. 2008ರ ಬಳಿಕ ಲೀಗೇ ಇಲ್ಲವಾಯಿತು. 2012ರಲ್ಲಿ ವರ್ಲ್ಡ್ ಸೀರೀಸ್ ಹಾಕಿ ಬಂತು, ಕರ್ನಾಟಕದ ಹೆಸರಿನ ತಂಡವೂ ಇತ್ತು. ಹಾಕಿಯನ್ನು ಆಳಲು ಎರಡು ಸಂಸ್ಥೆಗಳು ಜಗಳವಾಡುತ್ತಿದ್ದ ಕಾಲ ಅದು. ಕೋಣಗಳ ಕಾಳಗದಲ್ಲಿ ಗಿಡಕ್ಕೆ ಏಟು. ಎರಡನೆಯ ವರ್ಷ ಆ ಲೀಗು ನಡೆಯಲೇ ಇಲ್ಲ. 2013ರಲ್ಲಿ ಹಾಕಿ ಇಂಡಿಯಾ ಲೀಗು ಬಂತು, 2017ರ ಬಳಿಕ ಏಳು ವರ್ಷ ಮಲಗಿತು, 2024ರ ಡಿಸೆಂಬರಿನಲ್ಲಿ ಎದ್ದಿತು. 2013ರ ಐದು ತಂಡಗಳಲ್ಲಾಗಲಿ, 2024ರಲ್ಲಿ ಎದ್ದಾಗ ಇದ್ದ ಪುರುಷರ ಎಂಟು ತಂಡಗಳಲ್ಲಾಗಲಿ ಕರ್ನಾಟಕದ್ದು ಒಂದೂ ಇರಲಿಲ್ಲ. ನಮ್ಮ ರಘುನಾಥ್ ಉತ್ತರ ಪ್ರದೇಶದ ತಂಡಕ್ಕೆ, ನಮ್ಮ ಸುನಿಲ್ ಪಂಜಾಬಿನ ತಂಡಕ್ಕೆ ಆಡಬೇಕಾಯಿತು. ಬ್ಯಾಸ್ಕೆಟ್‌ಬಾಲಿನ ಕಥೆಯೂ ಬೇರೆಯಲ್ಲ. 2015ರಲ್ಲಿ ಆರಂಭವಾದ ಯು.ಬಿ.ಎ. ಲೀಗಿನಲ್ಲಿ ಬೆಂಗಳೂರಿನ ತಂಡವಿತ್ತು. 2017ರ ಬಳಿಕ ಆ ಲೀಗು ನಡೆದಿಲ್ಲ.

ಏಳು ವರ್ಷ ಮುಚ್ಚಿದ ಅಂಗಡಿಯನ್ನು ನಂಬಿ ಯಾವ ವರ್ತಕನಾದರೂ ಸಾಲ ಎತ್ತುತ್ತಾನೆಯೇ? ಆಟಗಾರನ ದೇಹದ ಒಳ್ಳೆಯ ಕಾಲವೇ ಹತ್ತು ವರ್ಷ. ಅದರಲ್ಲಿ ಏಳು ವರ್ಷ ಬಾಗಿಲು ಹಾಕಿದರೆ ಅವನ ಬಾಳಿನಲ್ಲಿ ಉಳಿಯುವುದೇನು?

ಪ್ರೀಮಿಯರ್ ಹಾಕಿ ಲೀಗಿನಲ್ಲಿ ಒಂದು ಒಳ್ಳೆಯ ಅಂಶವಿತ್ತು, ಅದನ್ನು ಮರೆಯಬಾರದು. ಆರಂಭದಲ್ಲಿ ಅದರಲ್ಲಿ ಎರಡು ಶ್ರೇಣಿಗಳಿದ್ದವು. ಎರಡನೆಯ ಶ್ರೇಣಿಯಲ್ಲಿ ಗೆದ್ದವರು ಮೇಲಕ್ಕೆ ಏರಬಹುದಿತ್ತು, ಮೇಲಿನಲ್ಲಿ ಸೋತವರು ಕೆಳಕ್ಕೆ ಇಳಿಯಬೇಕಿತ್ತು. ಮುಂದೆ ಅದನ್ನು ಕೈಬಿಟ್ಟು ಒಂದೇ ಶ್ರೇಣಿ ಮಾಡಿದರು. ಎರಡನೆಯ ಶ್ರೇಣಿಯೆಂದರೆ ಕೀಳು ಎಂದು ಕೆಲವರು ಮೂಗು ಮುರಿಯುತ್ತಾರೆ. ನಮ್ಮ ಅಭಿಪ್ರಾಯ ಬೇರೆ. ಮಹಡಿಗೆ ಹೋಗಲು ಏಣಿ ಬೇಕು, ಏಣಿಗೆ ಕೆಳಗಿನ ಮೆಟ್ಟಿಲೂ ಬೇಕು. ದೇಶದ ತಂಡಕ್ಕೆ ಹದಿನಾರೋ ಹದಿನೆಂಟೋ ಜನ ಸಾಕು. ಅವರ ಹಿಂದೆ ಹೊಟ್ಟೆಪಾಡಿನ ಭಯವಿಲ್ಲದೆ ಆಡುವ ಐನೂರು ಜನ ಇಲ್ಲದಿದ್ದರೆ ಆ ಹದಿನಾರು ಎಲ್ಲಿಂದ ಬರಬೇಕು? ಹರಾಜಿನ ಲೀಗು ಸಂತೆಯಲ್ಲಿ ಎತ್ತಿನ ಹಲ್ಲು ನೋಡಿದಂತೆ ನೋಡಿ, ಬೆಳೆದ ಎತ್ತನ್ನು ಮಾತ್ರ ಕೊಳ್ಳುತ್ತದೆ. ಕರುವನ್ನು ಸಾಕುವ ಖರ್ಚು ಬಡವನದು.

ಇದೇ ಕೆಳಗಿನ ಮೆಟ್ಟಿಲಿನ ಬಗ್ಗೆ ಹೊರದೇಶದ ಒಂದು ಮಾತು ಹೇಳುತ್ತೇವೆ. ಅಮೆರಿಕ ಬಂಡವಾಳಗಾರರ ದೇಶವೆಂದು ಎಲ್ಲರೂ ಬಲ್ಲರು. ಅಲ್ಲಿಯೂ ಆಟಗಾರರಿಗೆ ಏನೂ ಪುಕ್ಕಟೆಯಾಗಿ ಸಿಗಲಿಲ್ಲ. 1964ರ ಜನವರಿ 14ರಂದು ಬೋಸ್ಟನ್ ನಗರದಲ್ಲಿ ದೇಶದ ಅತ್ಯುತ್ತಮ ಬ್ಯಾಸ್ಕೆಟ್‌ಬಾಲ್ ಆಟಗಾರರ ಪಂದ್ಯ. ಜನ ಸೇರಿದ್ದಾರೆ, ಟೆಲಿವಿಷನ್‌ನವರು ಕಾದಿದ್ದಾರೆ, ಆಟಗಾರರು ಬಟ್ಟೆ ಬದಲಿಸುವ ಕೋಣೆಯಿಂದ ಹೊರಗೆ ಬರುತ್ತಿಲ್ಲ. ಪಿಂಚಣಿಯ ಬಗ್ಗೆ ಮಾತು ಕೊಡುವ ತನಕ ಆಡುವುದಿಲ್ಲವೆಂದು ಕುಳಿತರು. ಮಾತು ಸಿಕ್ಕಿತು, ಆಮೇಲೆ ಆಡಿದರು. ಅದೇ ಎನ್.ಬಿ.ಎ.ಯ ಎರಡನೆಯ ಶ್ರೇಣಿಯ ಲೀಗು 2001ರಲ್ಲಿ ಹುಟ್ಟಿತು. ಮೇಲಿನ ಶ್ರೇಣಿಯವರು ಕೋಟಿಗಳಲ್ಲಿ ಎಣಿಸುವಾಗ ಕೆಳಗಿನವರು ಅಲ್ಪ ಸಂಬಳಕ್ಕೆ ಆಡುತ್ತಿದ್ದರು. 2020ರಲ್ಲಿ ಅವರೂ ತಮ್ಮದೇ ಕಾರ್ಮಿಕ ಸಂಘ ಕಟ್ಟಿದರು. ಮೇಲಿನ ಶ್ರೇಣಿಯ ಆಟಗಾರರ ಸಂಘ ಅದಕ್ಕೆ ಬೆಂಬಲವಾಗಿ ನಿಂತಿತು. ಒಗ್ಗಟ್ಟಿನ ಪಾಠ ಗಿರಣಿಯಲ್ಲಿಯೂ ಒಂದೇ, ಮೈದಾನದಲ್ಲಿಯೂ ಒಂದೇ.

"ತೋಟದ ಕೂಲಿಗೇ ನ್ಯಾಯವಾದ ಸಂಬಳವಿಲ್ಲ, ಆಟಕ್ಕೆ ಸಂಬಳ ಕೇಳುತ್ತೀರಲ್ಲ" ಎಂದು ನಮ್ಮವರೇ ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ನಮ್ಮ ಉತ್ತರ ಇಷ್ಟು: ಟಿಕೆಟ್ಟು ಮಾರುವವನಿಗೆ, ಜಾಹೀರಾತು ಮಾರುವವನಿಗೆ, ಟೆಲಿವಿಷನ್ ಕಂಪೆನಿಗೆ ಆಟ ಲಾಭ ತರುವ ವ್ಯಾಪಾರವಾಗಿದೆ. ಬೆವರು ಸುರಿಸುವವನಿಗೆ ಮಾತ್ರ ಅದು ಬರಿಯ ಹವ್ಯಾಸವೇ? ದುಡಿಮೆಯಿಂದ ಲಾಭ ಹುಟ್ಟಿದ ಕಡೆಯೆಲ್ಲ ದುಡಿದವನಿಗೆ ಪಾಲು ಬೇಕು. ತೋಟದ ಕೂಲಿಯ ಹೋರಾಟಕ್ಕೂ ಆಟಗಾರನ ಹೋರಾಟಕ್ಕೂ ವೈರವಿಲ್ಲ.

ಇನ್ನೊಂದು ಮಾತನ್ನು ನೋವಿನಿಂದಲೇ ಆಡಬೇಕು. ಕುಟುಂಬದ ಹಬ್ಬ ಕುಟುಂಬದ್ದು, ಅದರಲ್ಲಿ ತಪ್ಪು ಹುಡುಕುವುದು ಸಲ್ಲ. ಆದರೆ ಕೊಡಗಿನ ತೋಟಗಳ ಲೈನ್ ಮನೆಗಳಲ್ಲಿ ಬೆಳೆಯುವ ಎರವರ, ಜೇನುಕುರುಬರ, ಹೊರಗಿನಿಂದ ಬಂದ ಕೂಲಿಕಾರರ ಮಕ್ಕಳಿಗೂ ಕಾಲಿದೆ, ಉಸಿರಿದೆ. ಅವರ ಕೈಗೆ ಸ್ಟಿಕ್ಕು ಕೊಡುವವರು ಯಾರು? ಮನೆತನದ ಹೆಸರು ಕೇಳದೆ ಬಾಗಿಲು ತೆರೆಯಬೇಕಾದದ್ದು ಸರಕಾರದ ಶಾಲೆ, ಸರಕಾರದ ಮೈದಾನ, ಜಿಲ್ಲೆಯ ತಂಡ. ಕೂಡಿಗೆಯಲ್ಲಿ ಕ್ರೀಡಾ ಶಾಲೆಯಿದೆ, ಪೊನ್ನಂಪೇಟೆಯಲ್ಲಿ ಕ್ರೀಡಾ ಹಾಸ್ಟೆಲಿದೆ. ಅಲ್ಲಿ ಕಲಿತ ಹುಡುಗ ಮುಂದೆ ಎಲ್ಲಿಗೆ ಹೋಗಬೇಕೆಂಬುದಕ್ಕೆ ದಾರಿಯಿಲ್ಲದಿದ್ದರೆ ಅದು ಅರ್ಧ ಕಟ್ಟಿದ ಸೇತುವೆ.

ಆದುದರಿಂದ ನಮ್ಮ ಬೇಡಿಕೆಗಳು ಇವು. ರಾಜ್ಯದಲ್ಲಿ ಜಿಲ್ಲಾ ತಂಡಗಳ ವೃತ್ತಿಪರ ಲೀಗು, ಎರಡು ಶ್ರೇಣಿಗಳಲ್ಲಿ, ಏರಲು ಇಳಿಯಲು ಅವಕಾಶವಿರುವಂತೆ ನಡೆಯಬೇಕು. ಅದು ಹಾಕಿಗೂ ಬೇಕು, ಬ್ಯಾಸ್ಕೆಟ್‌ಬಾಲಿಗೂ ಬೇಕು. ತಂಡದ ಒಡೆತನ ಒಬ್ಬ ಸಾಹುಕಾರನ ಕೈಯಲ್ಲಿರದೆ ಜಿಲ್ಲೆಯ ಸಂಘಗಳ, ಸಹಕಾರ ಸಂಸ್ಥೆಗಳ ಪಾಲೂ ಅದರಲ್ಲಿರಬೇಕು. ಆಟಗಾರನಿಗೆ ಬರೆದ ಕರಾರು, ಕನಿಷ್ಠ ತಿಂಗಳ ಸಂಬಳ, ಗಾಯಕ್ಕೆ ವಿಮೆ, ಪ್ರಾವಿಡೆಂಟ್ ಫಂಡು ಇರಲೇಬೇಕು. ಲೀಗು ನಿಂತರೆ ಉಳಿದ ಸಂಬಳಕ್ಕೆ ನಡೆಸಿದವರು ಮೊದಲೇ ಠೇವಣಿ ಇಟ್ಟಿರಬೇಕು. ಸರಕಾರಿ ಸಂಸ್ಥೆಗಳಲ್ಲಿ ಆಟಗಾರರಿಗೆಂದು ಇರುವ ಹುದ್ದೆಗಳನ್ನು ಖಾಲಿ ಬಿಡದೆ ತುಂಬಬೇಕು.

ಇದು ಅಸಾಧ್ಯವೇನಲ್ಲ. ಊರಿನವರೇ ಸೇರಿ 396 ತಂಡಗಳ ಪಂದ್ಯಾವಳಿಯನ್ನು ವ್ಯವಸ್ಥಿತವಾಗಿ ನಡೆಸಬಲ್ಲ ಜಿಲ್ಲೆ ಇದು. ಹತ್ತು ತಂಡಗಳ ಲೀಗನ್ನು ನಡೆಸಲು ಸರಕಾರಕ್ಕೆ ಆಗದೇ? ಮುಂದಿನ ಸಲ ಯಾರಾದರೂ ಮಂತ್ರಿಗಳು ಮೈದಾನಕ್ಕೆ ಬಂದು ಚೆಂಡಿಗೆ ಮೊದಲ ಏಟು ಹೊಡೆದು ಫೋಟೋ ತೆಗೆಸಿಕೊಂಡಾಗ, ಗೆರೆಯ ಹೊರಗೆ ನಿಂತ ನಾವು ನೀವು ಕೇಳಬೇಕಾದ ಪ್ರಶ್ನೆ ಒಂದೇ: ಸ್ವಾಮಿ, ಈ ಹುಡುಗನಿಗೆ ನಾಳೆ ಎಲ್ಲಿ ಕೆಲಸ?