ಕನ್ನಡದ ಕೈಪಿಡಿ ಎಲ್ಲಿ ಸ್ವಾಮಿ?

ಹಬ್ಬಕ್ಕೆಂದು ಹಾಗಲವಾಡಿಗೆ ಹೋದಾಗ ಬೆಳಿಗ್ಗೆ ನನ್ನ ಪೆಟ್ರೋಲ್ ಕಾರು ಗೊರಗೊರ ಎಂದು ನಿಂತಿತು. ಕೈಪಿಡಿ ತೆಗೆದರೆ ಬರೀ ಇಂಗ್ಲಿಷ್! ಗುಬ್ಬಿಯಿಂದ ಬಂದ ಮೆಕ್ಯಾನಿಕ್ ಎರಡೇ ಮಾತಲ್ಲಿ ಬಿಡಿಸಿದರು: "ಎಂಜಿನ್ ನಿಧಾನ ತಿರುಗಿದ್ರೆ ಬ್ಯಾಟರಿ ನೋಡಿ ಸಾರ್. ಜೋರಾಗಿ ತಿರುಗಿಯೂ ಸ್ಟಾರ್ಟ್ ಆಗ್ದಿದ್ರೆ ಪೆಟ್ರೋಲೋ ಕಿಡಿಯೋ ಸಾಲ್ತಿಲ್ಲ. ಪಂಪು, ಫಿಲ್ಟರು, ಪ್ಲಗ್ಗು ನೋಡಿ."

ನನ್ನದು ನಿಧಾನವಾಗಿ ತಿರುಗುತ್ತಿತ್ತು. ರಾತ್ರಿಯಿಡೀ ನಿಂತ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಇರಬೇಕು; ಇತ್ತು. ಆದರೆ ಟರ್ಮಿನಲ್ ತುಂಬ ಬಿಳಿ-ಹಸಿರು ಪುಡಿ! ಮೊದಲು ಮೈನಸ್ ತಂತಿ ಬಿಚ್ಚಿ, ಉಜ್ಜಿ, ಬಿಗಿದರು. ಗಾಡಿ ಎದ್ದಿತು.

ಗುಬ್ಬಿಯ ಮೆಕ್ಯಾನಿಕ್ ಕನ್ನಡದಲ್ಲಿ ಹೇಳಬಲ್ಲದ್ದನ್ನು ಕೋಟಿಗಟ್ಟಲೆ ದುಡಿಯುವ ಕಂಪನಿ ಹೇಳಲಾರದೇ? ದುಡ್ಡು ನಮ್ಮದು, ನುಡಿಯೂ ನಮ್ಮದಿರಲಿ. ಮುಂದಿನ ಗಾಡಿ ಕೊಳ್ಳುವಾಗ ಬಣ್ಣ ಆರಿಸುವ ಮುನ್ನ ಕನ್ನಡದ ಕೈಪಿಡಿ ಕೇಳಿ!