ದಿವಂಗತ ನಡಿಕೇರಿಯಂಡ ಚಿಣ್ಣಪ್ಪನವರು

ಪಾಠಶಾಲೆಯಲ್ಲಿ ಅಕ್ಷರ ಕಲಿಸಿದವರು ಅನೇಕರು. ದಂಡಿನಲ್ಲಿ ಕೋವಿ ಹಿಡಿದವರೂ ಅನೇಕರು. ಈ ಎರಡು ವೃತ್ತಿಗಳನ್ನೂ ನಡೆಯಿಸಿ, ತಮ್ಮ ನಾಡಿನ ಬಾಯಿಮಾತನ್ನು ಬರಹದಲ್ಲಿ ನಿಲ್ಲಿಸಿದವರು ವಿರಳ. ಕೊಡಗಿನ ನಡಿಕೇರಿಯಂಡ ಚಿಣ್ಣಪ್ಪನವರು (1875–1931) ಅಂತಹವರಲ್ಲೊಬ್ಬರು.

ಉಪಾಧ್ಯಾಯರಾಗಿ, ಸೈನಿಕರಾಗಿ, ಪೋಲೀಸು ಅಧಿಕಾರಿಗಳಾಗಿ ದುಡಿದ ಈ ಮಹನೀಯರು ಮದುವೆ, ಮರಣ, ಹಬ್ಬಗಳ ಹಾಡುಗಳನ್ನೂ ಗಾದೆಗಳನ್ನೂ ಹಿರಿಯರ ಬಾಯಿಂದ ಕೇಳಿ ಬರೆದುಕೊಂಡರು. ಆ ಕೊಡವ ನುಡಿಯ ಸಂಗ್ರಹವು ಕನ್ನಡ ಲಿಪಿಯಲ್ಲಿ ‘ಪಟ್ಟೋಲೆ ಪಳಮೆ’ ಎಂಬ ಹೆಸರಿನಿಂದ 1924ರಲ್ಲಿ ಪ್ರಕಟವಾಯಿತು. 2003ರಲ್ಲಿ ಅವರ ಮೊಮ್ಮಕ್ಕಳು ಅದನ್ನು ಇಂಗ್ಲಿಷಿಗೆ ಪರಿವರ್ತಿಸಿದರು. ಹಾಡಿದ ಹಿರಿಯರು ಇಂದಿಲ್ಲ; ಹಾಡುಗಳು ಉಳಿದಿವೆ.

ಕೊಡಗಿನ ಈ ಮಾತು ನಮಗೇಕೆಂದು ತುಂಗಭದ್ರೆಯ ದಡದ ದಢೇಸುಗೂರಿನ ವಾಚಕರು ಕೇಳಬಹುದು. 1953ರಲ್ಲಿ ನದಿಯ ನೀರು ಕಾಲುವೆಗೆ ಹರಿದ ತರುವಾಯ ಸಿಂಧನೂರು ಸೀಮೆಯ ಎಷ್ಟೋ ಜೋಳದ ಹೊಲಗಳು ಬತ್ತದ ಗದ್ದೆಗಳಾದುವು. ಅನ್ನ ಹೆಚ್ಚಿತು, ಅದು ಸಂತೋಷದ ವಿಷಯವೇ ಸರಿ. ಆದರೆ ರಾಶಿಯ ಕಣವೂ ಬೀಸುವ ಕಲ್ಲೂ ಮರೆಯಾದೆಡೆಯಲ್ಲಿ ಅವುಗಳೊಡನೆ ಬೆಳೆದ ಹಾಡುಗಳೂ ಮರೆಯಾಗುವುವು. ಅವನ್ನು ಬಲ್ಲ ವೃದ್ಧರೊಬ್ಬರು ತೀರಿಕೊಂಡರೆ ಒಂದು ಗ್ರಂಥಭಂಡಾರವೇ ಸುಟ್ಟಂತಾಗುವುದು.

ನಿವೃತ್ತ ಉಪಾಧ್ಯಾಯರೂ ದಂಡಿನಿಂದ ಮರಳಿದ ಯೋಧರೂ ನಮ್ಮ ಗ್ರಾಮಗಳಲ್ಲಿದ್ದಾರೆ. ಅವರಿಗೆ ವಿರಾಮವೂ ಉಂಟು, ಶಿಸ್ತೂ ಉಂಟು. ದಿನಕ್ಕೊಂದು ಗಳಿಗೆ ಊರಿನ ಹಿರಿಯರ ಮುಂದೆ ಕಾಗದ ಹಿಡಿದು ಕುಳಿತುಕೊಳ್ಳಬೇಕೆಂದು ಅವರಲ್ಲಿ ನಮ್ಮ ಬಿನ್ನಹ. ಇಂದು ಕೇಳದೆ ಬಿಟ್ಟ ಹಾಡನ್ನು ನಾಳೆ ಯಾವ ಸರ್ಕಾರವೂ ತಂದುಕೊಡಲಾರದು. ಚಿಣ್ಣಪ್ಪನವರಿಗೆ ಇದಕ್ಕಿಂತ ಉಚಿತವಾದ ಸ್ಮಾರಕವನ್ನು ನಾವು ಕಾಣೆವು.