ಕವಡೆ ಹಿಡಿದ ಕೈಗೆ ಹಡಗು ಭಾರವಾ?

ಹೋದ ಭಾನುವಾರ ಅರಸೀಕೆರೆ ಮನೇಲಿ ಎಲ್ಲರೂ ಕೊಬ್ಬರಿ ಬಿಡಿಸೋಕೆ ಕೂತಿದ್ವಿ. ತಂಗಿ ಮಗಳು, ಎಂಟನೇ ಕ್ಲಾಸು, ಮೂಲೇಲಿ ಫೋನ್ ಹಿಡ್ಕೊಂಡು ಯುದ್ಧದ ಹಡಗಿನ ಆಟ ಆಡ್ತಿದ್ಲು. ನಮ್ಮ ಸೋದರತ್ತೆ ಎದ್ದು ಬಂದು, "ಹೊಡೆದಾಟದ ಆಟ ಹೆಣ್ಮಕ್ಕಳಿಗ್ಯಾಕೆ?" ಅಂತ ಫೋನ್ ಕಿತ್ಕೊಂಡು ಅವಳ ಅಣ್ಣನ ಕೈಗೆ ಕೊಟ್ರು. ಫೋನ್ ನೋಡಿದ್ದು ಜಾಸ್ತಿ ಆಯ್ತು ಅಂದಿದ್ರೆ ನಾನೂ ಹೂಂ ಅಂತಿದ್ದೆ. ಆದ್ರೆ ಅಣ್ಣನಿಗೆ ಕೊಟ್ರಲ್ಲ! ಅಲ್ಲಿ ನಾನು ಬಾಯಿ ಬಿಡಲಿಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ.

ಅಲ್ಲ ಕಣ್ರೀ, ನಾವು ಚೌಕಾಬಾರ ಆಡಿಲ್ವಾ? ಐದೈದು ಮನೆ, ನಾಲ್ಕು ಕವಡೆ. ಎದುರಾಳಿ ಕಾಯಿ ಒಂದನ್ನಾದ್ರೂ ಕಡೀದೆ ಒಳಮನೆಗೆ ಹೋಗೋ ಹಾಗಿಲ್ಲ ಅನ್ನೋದು ನಮ್ಮನೆ ನಿಯಮ. ನಮ್ಮ ಅತ್ತೆಯಂಥೋರು ಹಣ್ಣಾಗೋಕೆ ಎರಡೇ ಮನೆ ಇದ್ದ ಕಾಯನ್ನ ಕಡಿದು ಕೇಕೆ ಹಾಕಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ. ಅದು ಹೊಡೆದಾಟ ಅಲ್ಲದೆ ರಂಗೋಲಿನಾ?

ಫೋನ್ ಹೋಯ್ತಲ್ಲ, ಹುಡುಗಿ ಸುಮ್ಮನಾಗಲಿಲ್ಲ. ಹಳೇ ಕ್ಯಾಲೆಂಡರ್ ಹಿಂದೆ ಹತ್ತು ಅಡ್ಡ, ಹತ್ತು ಉದ್ದ ಮನೆ ಗೀಚಿ, "ದೊಡ್ಡಮ್ಮ, ಬಾ ಆಡಣ" ಅಂದ್ಲು. ಅಮೆರಿಕದ ಮಿಲ್ಟನ್ ಬ್ರಾಡ್ಲಿ ಕಂಪನಿ 1967ರಲ್ಲಿ ಇದನ್ನ ಪ್ಲಾಸ್ಟಿಕ್ ಮಾಡಿ ಮಾರೋಕೆ ಮುಂಚೆ ಜನ ಹೀಗೇ ಕಾಗದದ ಮೇಲೆ ಆಡ್ತಿದ್ರಂತೆ. ಐದು ಹಡಗು: ಐದು ಮನೇದೊಂದು, ನಾಲ್ಕರದೊಂದು, ಮೂರರವು ಎರಡು, ಎರಡರದೊಂದು. ಒಟ್ಟು 17 ಮನೆ. ಎದುರಿನವರ ಹಡಗು ನಮಗೆ ಕಾಣಲ್ಲ. ಒಂದೊಂದು ಸರದಿಗೆ ಒಂದೊಂದು ಗುಂಡು. ನಾನು ಮನಸ್ಸಿಗೆ ಬಂದ ಕಡೆ ಹೊಡೆದು ಸೋತೆ. ಅವಳೋ ಒಂದು ಮನೆ ಬಿಟ್ಟು ಒಂದು ಮನೆಗೆ ಹೊಡೀತಿದ್ಲು. ಕೇಳಿದ್ದಕ್ಕೆ, "ಎಲ್ಲಕ್ಕಿಂತ ಚಿಕ್ಕ ಹಡಗಿಗೂ ಎರಡು ಮನೆ ಬೇಕಲ್ವಾ ದೊಡ್ಡಮ್ಮ? ಐವತ್ತು ಮನೆ ಹುಡುಕಿದ್ರೆ ಎಲ್ಲವೂ ಸಿಕ್ಕೇ ಸಿಗುತ್ತೆ" ಅಂದ್ಲು. ಈ ಲೆಕ್ಕ ಅವಳಿಗೆ ಯಾರೂ ಹೇಳಿಕೊಟ್ಟಿದ್ದಲ್ಲ.

ಫೋನಿನ ಆಟವೂ ಹೀಗೇ ಸರದೀದು. ಊಟಕ್ಕೆ ಕರೆದ್ರೆ ಇಟ್ಟು ಬರಬಹುದು, ಹಡಗು ನಿಂತಲ್ಲೇ ನಿಂತಿರುತ್ತೆ. ಅಣ್ಣ ಆಡೋ ಆ ಡಬಡಬ ಆಟ ನಿಲ್ಲಲ್ಲ, ಅವನು ಊಟಕ್ಕೂ ಏಳಲ್ಲ. ಅವನನ್ನ ಯಾರೂ ಕೇಳಲ್ಲ ನೋಡಿ.

ಬೇಲೂರಿಗೆ ನೆಂಟರನ್ನ ಕರ್ಕೊಂಡು ಹೋದಾಗಲೆಲ್ಲ ಬಿಲ್ಲು ಎತ್ತಿ ಗುರಿ ಹಿಡಿದ ಮದನಿಕೇನ ಬೆರಳು ಮಾಡಿ ತೋರಿಸ್ತೀವಿ. ಪೋರ್ಚುಗೀಸರನ್ನ ಎದುರಿಸಿದ ಉಳ್ಳಾಲದ ಅಬ್ಬಕ್ಕನ ಕತೆ ಹೇಳ್ತೀವಿ. ಕಲ್ಲಲ್ಲಿ, ಕತೇಲಿ ಆದ್ರೆ ಸರಿ, ನಮ್ಮನೆ ಜಗಲಿ ಮೇಲೆ ಬೇಡ! 2017ರ ಸೆಪ್ಟೆಂಬರಲ್ಲಿ ನೌಕಾಪಡೆಯ ಆರು ಹೆಣ್ಮಕ್ಕಳು ಗೋವಾದಿಂದ ತಾರಿಣಿ ಅನ್ನೋ ಹಾಯಿಹಡಗಲ್ಲಿ ಹೊರಟು, ಭೂಮೀನೇ ಸುತ್ತಿ 254 ದಿನಕ್ಕೆ ವಾಪಸ್ ಬಂದ್ರು. ಪುಣೆ ಹತ್ರದ ಎನ್‌ಡಿಎಗೆ 2022ರಿಂದ ಹೆಣ್ಮಕ್ಕಳನ್ನೂ ತಗೋತಿದಾರೆ. ನಮ್ಮ ಹುಡುಗಿ ಅಲ್ಲಿಗೇ ಹೋಗಬೇಕು ಅಂತೇನಿಲ್ಲ, ನಾಳೆ ಅವಳು ಟೈಲರಿಂಗ್ ಕಲೀತೀನಿ ಅಂದ್ರೂ ನನಗೆ ಸಂತೋಷವೇ. ಆದ್ರೆ ಬೇಡ ಅನ್ನೋದು ಅವಳ ಬಾಯಿಂದ ಬರಲಿ.

ಬರೋ ಭಾನುವಾರ ಮತ್ತೆ ಸೇರ್ತೀವಿ. ಕ್ಯಾಲೆಂಡರ್ ಹಾಳೆ ಎತ್ತಿಟ್ಟಿದೀನಿ. ಅತ್ತೆ, ನೀವು ಇದನ್ನ ಓದ್ತಿದ್ರೆ, ಅವಳ ಎದುರು ಕೂರೋದು ನೀವೇ.